ಜೇನುಬಂಡೆ ಅಬ್ಬಿಯ ಹಾಜರಿ

ಮೂವತ್ತೈದು ವರ್ಷ ದಿನಕ್ಕೆರಡು ಸಲ ಹಾಜರಿ ಕೂಗಿದವನು ನಾನು. ಚನ್ನರಾಯಪಟ್ಟಣದ ಸುತ್ತಮುತ್ತಲ ಐದಾರು ಹಳ್ಳಿಗಳಲ್ಲಿ ಇವತ್ತಿಗೂ ತಿಮ್ಮಪ್ಪ ಮೇಷ್ಟ್ರು ಎಂದರೆ ಯಾರಿಗೂ ಗೊತ್ತಾಗುವುದಿಲ್ಲ, ಹಾಜರಿ ಮೇಷ್ಟ್ರು ಎಂದರೆ ಗೊತ್ತಾಗುತ್ತದೆ. ಕನ್ನಡ ಹೇಗೆ ಕಲಿಸಿದೆ, ಲೆಕ್ಕ ಹೇಗೆ ಕಲಿಸಿದೆ ಎಂಬುದು ಯಾರ ನೆನಪಿನಲ್ಲೂ ಇದ್ದಂತಿಲ್ಲ. ಹೆಸರು ಕೂಗಿದಾಗ ಮಕ್ಕಳು ಎದ್ದು ನಿಂತು, ನನ್ನ ಮುಖ ನೋಡಿ, ತಮ್ಮ ಬಾಯಲ್ಲೇ 'ಹಾಜರ್ ಸಾ' ಅನ್ನಬೇಕಿತ್ತು. ಒಬ್ಬನ ಪರವಾಗಿ ಇನ್ನೊಬ್ಬ ಬಾಯಿ ಬಿಟ್ಟರೆ ಬೆತ್ತ. ಬೇರೆ ಯಾವುದಕ್ಕೂ ಹೊಡೆಯದ ಮನುಷ್ಯನಿಗೆ ಇದೊಂದು ಹುಚ್ಚು ಯಾಕೆ ಎಂದು ಜೊತೆಯ ಮೇಷ್ಟ್ರುಗಳು ಕೇಳುತ್ತಿದ್ದರು. ಏನೋ ಒಂದು ಹೇಳಿ ನಕ್ಕುಬಿಡುತ್ತಿದ್ದೆ.

ಹೋದ ಮಾರ್ಗಶಿರದಲ್ಲಿ ಮೊಮ್ಮಗಳು ಭಾರತಿ ಹಾಸನದಿಂದ ಬಂದಿದ್ದಳು. ಅಲ್ಲಿ ಡಾಕ್ಟರಿಕೆ ಓದುತ್ತಾಳೆ. ನಾನು ಮೊರ ಮುಂದಿಟ್ಟುಕೊಂಡು ಅವರೆಕಾಯಿ ಸುಲಿಯುತ್ತ ಕೂತಿದ್ದೆ.

"ತಾತ, ಭಾನುವಾರ ನಾವು ಒಂಬತ್ತು ಜನ ಒಂದು ಫಾಲ್ಸ್ ಹತ್ತೋಕೆ ಹೋಗ್ತಿದ್ದೀವಿ. ಅರ್ಧ ದಿನ ಅಷ್ಟೇ. ಗೈಡ್ ಇರ್ತಾರೆ, ಅವರೇ ಹತ್ತಿಸಿ, ಈಜಾಡಿಸಿ, ಊಟ ಹಾಕಿ ಕಳಿಸ್ತಾರೆ. ನೀನೂ ಬಾ, ಕೆಳಗೆ ನೆರಳಲ್ಲಿ ಕೂತಿರು."

"ಯಾವ ಅಬ್ಬಿ?"

"ಅರಕಲಗೂಡು ಕಡೆ. ಮಲ್ಲಿಪಟ್ಟಣದಿಂದ ಇನ್ನೂ ಪಡುವಲಕ್ಕೆ. ಜೇನುಬಂಡೆ ಅಂತೆ."

ಬೆರಳಿನ ಸಂದಿಯಲ್ಲಿದ್ದ ಅವರೆಕಾಯಿ ಹಾಗೆಯೇ ಉಳಿಯಿತು. ಬರುತ್ತೇನೆ ಎಂದೆ. ಮದುವೆಮನೆಗೆ ಕರೆದರೂ ಮಂಡಿನೋವು ಎನ್ನುವ ನಾನು ಹೀಗೆಂದದ್ದಕ್ಕೆ ಮನೆಯವರೆಲ್ಲ ಬೆರಗಾದರು.

ಭಾನುವಾರ ಅಬ್ಬಿಯ ಬಳಿಯ ಊರು ಕಲ್ಲಹಟ್ಟಿಯ ಕಟ್ಟೆಯ ಹತ್ತಿರ ವ್ಯಾನು ನಿಂತಿತು. ಇಳಿದ ಕೂಡಲೇ ಹುಡುಗ ಹುಡುಗಿಯರೆಲ್ಲ ಮೂಗು ಮುಚ್ಚಿಕೊಂಡರು. ಕಟ್ಟೆಯ ನೀರಿನಲ್ಲಿ ಯಾರೋ ಕತ್ತಾಳೆ ಪಟ್ಟೆ ಕೊಳೆಹಾಕಿದ್ದರು. ಹಗ್ಗ ಹೊಸೆಯಲು ನಾರು ಬೇಕೆಂದರೆ ಕತ್ತಾಳೆಯನ್ನು ಹೀಗೆ ನೀರಿನಲ್ಲಿ ಕೊಳೆಸಿ ಜಜ್ಜಬೇಕು. ಆ ವಾಸನೆ ಗೊತ್ತಿದ್ದವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಗೊತ್ತಿಲ್ಲದವರಿಗೆ ಹೇಳಿ ಪ್ರಯೋಜನವಿಲ್ಲ. ನಾನು ಮೂಗು ಮುಚ್ಚಿಕೊಳ್ಳಲಿಲ್ಲ. ಅರವತ್ತು ಚಿಲ್ಲರೆ ವರ್ಷದಿಂದ ಅದು ನನ್ನ ಮೂಗಿನಲ್ಲೇ ಇದೆ.

ಗೈಡು ಮೂವತ್ತೈದರ ಆಸುಪಾಸಿನ ಹೆಂಗಸು. ಸುಧಾಮಣಿ ಎಂದು ಹೆಸರು ಹೇಳಿದಳು. ಅಬ್ಬಿಯ ಬುಡದಲ್ಲಿ ಎಲ್ಲರ ತಲೆಗೂ ಟೋಪಿ ಬಿಗಿದು, ಸೊಂಟಕ್ಕೆ ಪಟ್ಟಿ ಕಟ್ಟಿ, ಹಳ್ಳದ ಪಕ್ಕದ ಒಂದು ಹಾಸುಬಂಡೆಯನ್ನು ತೋರಿಸಿದಳು.

"ಎಲ್ಲಾರೂ ಹಳ್ಳದಾಗಿಂದ ಒಂದೊಂದು ಕಲ್ಲು ಆಯ್ಕಂಡು ಬಂದು ಇದರ ಮೇಲೆ ಮಡಗಿ. ಇಳಿದು ಬಂದ್ಮೇಲೆ ನಿಮ್ಮ ಕಲ್ಲ ನೀವೇ ತಗೀಬೇಕು. ತಗೆಯೋವಾಗ ನಿಮ್ಮೆಸರ ನೀವೇ ಜೋರಾಗಿ ಕೂಗಬೇಕು. ಒಂದು ಕಲ್ಲು ಉಳಿದಿದ್ರೂ ನಾನು ಹಗ್ಗ ಇಳಿಸಾಕಿಲ್ಲ."

ಹುಡುಗರು ನಕ್ಕರು. ನಾನು ಅಲ್ಲೇ ಅತ್ತಿಮರದ ಬೇರಿನ ಮೇಲೆ ಕೂತೆ. ಬಂಡೆ ಅದೇ. ಕಲ್ಲು ಇಡುವ ಪದ್ಧತಿಯೂ ಅದೇ. ಹೆಸರು ಕೂಗುವುದು ಮಾತ್ರ ನಮ್ಮ ಕಾಲದಲ್ಲಿ ಇರಲಿಲ್ಲ.

ನಮ್ಮ ಕಾಲ ಎಂದರೆ ವಿಶಾಲ ಮೈಸೂರು ಆಗಿ ಎರಡು ವರ್ಷವಾಗಿತ್ತು. ನಾನು ಹಾಸನದಲ್ಲಿ ಮೇಷ್ಟ್ರ ಕೆಲಸದ ತರಬೇತಿಯಲ್ಲಿದ್ದೆ. ನಾವು ಇಪ್ಪತ್ತಮೂರು ಜನ. ಎಲ್ಲರೂ ಹತ್ತೊಂಬತ್ತು ಇಪ್ಪತ್ತರ ಒಳಗಿನವರು. ಬಿಳಿ ಪಂಚೆ, ಬಿಳಿ ಶರ್ಟು, ಒಂದೊಂದು ಟ್ರಂಕು. ನನ್ನ ಪಕ್ಕದ ಚಾಪೆ ಹೊಳೆನರಸೀಪುರದ ನರಸಿಂಹೇಗೌಡನದು. ಎಲ್ಲರ ಬಾಯಲ್ಲೂ ಅವನು ನರಸ. ನಾನು ಚನ್ನರಾಯಪಟ್ಟಣದ ಕಡೆಯವನೆಂದು ಅವನು ನನ್ನನ್ನು ಹೆಸರು ಹಿಡಿದು ಒಂದು ದಿನವೂ ಕರೆದವನಲ್ಲ, 'ಲೇ ಪಟ್ಣ' ಎಂದೇ ಕರೆಯುತ್ತಿದ್ದ.

ನರಸನಿಗೆ ಬೆಳಗಿನ ನಿದ್ದೆ ಎಂದರೆ ಪ್ರಾಣ. ಆರು ಗಂಟೆಗೆ ಡ್ರಿಲ್ ಮೇಷ್ಟ್ರು ಮೈದಾನದಲ್ಲಿ ಹಾಜರಿ ಪುಸ್ತಕ ಹಿಡಿದು ನಿಲ್ಲುತ್ತಿದ್ದರು. ಆ ಹೊತ್ತಿಗೆ ಹಾಸನದ ಮಂಜು ಎಷ್ಟಿರುತ್ತಿತ್ತೆಂದರೆ ಅವರಿಗೆ ಎರಡನೆಯ ಸಾಲಿನ ಮುಖಗಳು ಕಾಣುತ್ತಿರಲಿಲ್ಲ, ದನಿ ಮಾತ್ರ ಕೇಳುತ್ತಿತ್ತು. ಒಂದು ದಿನ "ನರಸಿಂಹೇಗೌಡ" ಎಂದು ಕೂಗಿದಾಗ ನಾನು ಗಂಟಲು ದಪ್ಪ ಮಾಡಿಕೊಂಡು "ಹಾಜರ್ ಸಾ" ಅಂದೆ. ಅವನದೇ ದನಿ. ಅಕ್ಕಪಕ್ಕದವರು ಕಿಸಕ್ಕೆಂದರು. ಅವತ್ತಿನಿಂದ ಅದು ನನ್ನ ಕೆಲಸವಾಯಿತು. ಬೇಸರವಿರಲಿಲ್ಲ, ನಿಜ ಹೇಳಬೇಕೆಂದರೆ ಹೆಮ್ಮೆಯೇ ಇತ್ತು. ಮೇಷ್ಟ್ರು ಎಲ್ಲರ ಹೆಸರನ್ನೂ ಒಂದು ಸಲ ಕೂಗುತ್ತಿದ್ದರು, ನಾನೊಬ್ಬನೇ ಎರಡು ಸಲ ಓಗೊಡುತ್ತಿದ್ದೆ.

ಅದಕ್ಕೆ ಬದಲಾಗಿ ನರಸ ನನಗೆ ಈಜು ಕಲಿಸಿದ. ನಮ್ಮ ಸೀಮೆಯಲ್ಲಿ ನೀರೆಂದರೆ ಕೆರೆ, ಕೆರೆಯೆಂದರೆ ದನ ತೊಳೆಯುವುದು. ಅವನು ಹೇಮಾವತಿಯಲ್ಲಿ ಹುಟ್ಟಿದವನಂತಿದ್ದ. ದಸರೆಯ ರಜೆಯಲ್ಲಿ ಅವರ ಊರಿಗೆ ಕರೆದುಕೊಂಡು ಹೋಗಿ ದಿನವೂ ಹೊಳೆಗಿಳಿಸಿದ. ಹೊಟ್ಟೆಯ ಕೆಳಗೆ ಅಂಗೈ ಕೊಟ್ಟು ನನ್ನನ್ನು ನೀರಿನ ಮೇಲೆ ಮಲಗಿಸುತ್ತಿದ್ದ. "ಕೈ ತಗೀತೀನಿ ಕಣ್ಲಾ" ಅನ್ನುವನು, ತೆಗೆಯುತ್ತಿರಲಿಲ್ಲ. "ತಗೆದಿಲ್ಲ ಕಣ್ಲಾ, ಒಡಿ ಕೈಯ" ಅನ್ನುವನು, ಆಗ ತೆಗೆದುಬಿಟ್ಟಿರುತ್ತಿದ್ದ. ಹಾಗೆ ಕಲಿತೆ. ಅವನ ತಾಯಿ ದಡದಲ್ಲಿ ಬಟ್ಟೆ ಒಗೆಯುತ್ತ, "ಪಟ್ಣದ ಮಗೀನ ಮುಳುಗಿಸ್ಬುಟ್ಟೀಯ ಕಣೋ" ಎಂದು ನಗುತ್ತಿದ್ದರು.

ಮಾರ್ಗಶಿರದಲ್ಲಿ ನಮ್ಮನ್ನೆಲ್ಲ ಶ್ರಮದಾನಕ್ಕೆಂದು ಕಲ್ಲಹಟ್ಟಿಗೆ ಕರೆದೊಯ್ದರು. ಆಗ ಎಲ್ಲೆಲ್ಲೂ ಶ್ರಮದಾನ. ಊರಿನಿಂದ ಗಾಡಿರಸ್ತೆಯವರೆಗೆ ಮುಕ್ಕಾಲು ಮೈಲಿ ದಾರಿ ಮಾಡುವುದು ನಮ್ಮ ಪಾಲಿಗೆ ಬಂತು. ಹತ್ತು ದಿನ. ಶಾಲೆಯ ಒಂದೇ ಕೋಣೆಯಲ್ಲಿ ಹುಲ್ಲು ಹಾಸಿಕೊಂಡು ಮಲಗುತ್ತಿದ್ದೆವು. ರಾಗಿ ಕೊಯ್ಲಾಗಿ ಮೆದೆ ಏಳುತ್ತಿದ್ದ ಕಾಲ. ಅವರೆಯ ಸೊಗಡು ಕೈಗಂಟಿದರೆ ಮೂರು ದಿನ ಹೋಗುತ್ತಿರಲಿಲ್ಲ. ನರಸ ಗುದ್ದಲಿ ಹಿಡಿದದ್ದು ಕಡಿಮೆ, ಊರೊಳಗೆ ತಿರುಗಿದ್ದು ಹೆಚ್ಚು. ಮೂರನೆಯ ದಿನಕ್ಕೆ ಯಾರ ಮನೆಯಲ್ಲಿ ಯಾವ ಸಾರು ಎಂದು ಅವನಿಗೆ ಗೊತ್ತಾಗಿತ್ತು. ಅವನನ್ನು ಕಂಡು ಮುಖ ಗಂಟು ಹಾಕಿದವರನ್ನು ನಾನು ನೋಡಿಲ್ಲ. ಅಲ್ಲಿಯೂ ಬೆಳಿಗ್ಗೆ ಸಂಜೆ ಹಾಜರಿ ಇತ್ತು, ಬೆಳಗಿನ ಮಂಜಿನಲ್ಲಿ ನನ್ನ ಎರಡು ದನಿಯೂ ಇತ್ತು.

ಆ ಊರಿನ ಅಂಚಿನಲ್ಲಿ ಮುದ್ದಯ್ಯನ ಗುಡಿಸಲು. ಆಗ ಅವನಿಗೆ ನಲವತ್ತು ದಾಟಿದ್ದಿರಬೇಕು. ತೆಳ್ಳನೆಯ ಆಳು, ಅಂಗೈ ಮಾತ್ರ ಹಲಗೆ. ಜೇನುಬಂಡೆಯ ಹೆಜ್ಜೇನು ಇಳಿಸುವುದು ಅವನ ಮನೆತನದ ಕೆಲಸ. ಸುತ್ತಲಿನ ಐದಾರು ಊರಿನ ಜೇನಿನವರು ಅವನ ಹಗ್ಗವನ್ನು ನಂಬಿ ಬಂಡೆಯಿಂದ ಜೋತುಬೀಳುತ್ತಿದ್ದರು. ತಾನೇ ಕೊಳೆಹಾಕಿ, ತಾನೇ ಜಜ್ಜಿ, ತಾನೇ ಹೊಸೆದ ಕತ್ತಾಳೆ ಹಗ್ಗ. ಬೇರೆಯವರು ಹೊಸೆದದ್ದನ್ನು ಅವನು ಮುಟ್ಟುತ್ತಿರಲಿಲ್ಲ.

ಕೊನೆಯ ಭಾನುವಾರ ಡ್ರಿಲ್ ಮೇಷ್ಟ್ರು ಅರ್ಧ ದಿನ ರಜೆ ಕೊಟ್ಟು, ಅಬ್ಬಿ ಹತ್ತಿಸಿ ಈಜಾಡಿಸಿಕೊಂಡು ಬಾ ಎಂದು ಮುದ್ದಯ್ಯನನ್ನು ಗೊತ್ತುಮಾಡಿದರು. ಮೇಷ್ಟ್ರದು ಭಾರಿ ಮೈ. ಬುಡದವರೆಗೆ ಬಂದು ಇದೇ ಅತ್ತಿಮರದ ಕೆಳಗೆ ಟವೆಲ್ ಹಾಸಿಕೊಂಡು ಒರಗಿದರು.

ಅಬ್ಬಿ ಮೂರಾಳು ನಾಲ್ಕಾಳು ಎತ್ತರದ ಬಂಡೆಯಿಂದ ಬೀಳುತ್ತಿತ್ತು. ಅದರ ಮೇಲೆ ಒಂದು ಮಡು, ಮಡುವಿನ ಹಿಂದೆ ನೀರಿನ ಇನ್ನೊಂದು ಬೀಳು. ಈಜುವುದು ಆ ಮಡುವಿನಲ್ಲಿ. ಕೆಳಗೆ ನಿಂತವರಿಗೆ ಮಡು ಕಾಣುವುದಿಲ್ಲ, ನೀರಿನ ಸದ್ದಿಗೆ ಕೂಗಿದರೂ ಕೇಳುವುದಿಲ್ಲ. ಮುದ್ದಯ್ಯ ಮೊದಲು ಬರಿಗೈಯಲ್ಲಿ ಹತ್ತಿ, ಮೇಲಿನ ಒಂದು ಮರಕ್ಕೆ ಹಗ್ಗವನ್ನು ಬಳಸಿ, ಎರಡೂ ತುದಿಯನ್ನು ಕೆಳಗೆ ಬಿಟ್ಟು ಇಳಿದು ಬಂದ. ಒಂದು ತುದಿ ಹಿಡಿದು ನಾವು ಹತ್ತಬೇಕು, ಇನ್ನೊಂದು ಅವನ ಸೊಂಟದಲ್ಲಿ. ಎಲ್ಲ ಇಳಿದ ಮೇಲೆ ಒಂದು ತುದಿಯನ್ನು ಎಳೆದರೆ ಹಗ್ಗವೆಲ್ಲ ಮರವನ್ನು ಸುತ್ತಿ ಕೆಳಗೆ ಬಿದ್ದುಬಿಡುತ್ತಿತ್ತು.

ಹತ್ತುವ ಮುಂಚೆ ಕಲ್ಲು ಇಡಿಸಿದ.

"ಒಬ್ಬೊಬ್ರೂ ಒಂದೊಂದು ಕಲ್ಲು ಮಡಗಿ ಸ್ವಾಮಿ. ಇಳಿದೋರು ಅವರವರ ಕಲ್ಲ ತಕ್ಕಂಡು ಹಳ್ಳಕ್ಕೆ ಎಸೀಬೇಕು. ಒಬ್ಬರ ಕಲ್ಲ ಇನ್ನೊಬ್ಬರು ಮುಟ್ಟಂಗಿಲ್ಲ. ನಾನು ಇಲ್ಲಿಂದ ಬಂಡೆಯ ನೋಡ್ತಿರ್ತೀನಿ. ಕಲ್ಲು ಇರೋಗಂಟ ಹಗ್ಗ ಇರ್ತದೆ."

"ಇದು ಕಲ್ಲಿನ ಹಾಜರಿ ಕಣ್ಲಾ ಪಟ್ಣ" ಎಂದ ನರಸ. ಎಲ್ಲರೂ ನಕ್ಕರು. ನಾನು ಒಂದು ಕಪ್ಪು ಕಲ್ಲು ಇಟ್ಟೆ. ನರಸ ಹುಡುಕಿ ಹುಡುಕಿ ನಿಂಬೆಹಣ್ಣಿನಷ್ಟು ದೊಡ್ಡದೊಂದು ಬಿಳಿ ಬೆಣಚುಕಲ್ಲು ತಂದು ಅದರ ಪಕ್ಕಕ್ಕಿಟ್ಟ.

ಮಡುವಿನ ನೀರು ಮೈ ಕೊರೆಯುತ್ತಿತ್ತು. ಇಳಿದವರು ಕಿರುಚಿಕೊಂಡು ಮೇಲೆದ್ದರು, ಮತ್ತೆ ಇಳಿದರು. ನರಸ ಮುಳುಗಿದವನು ಎಷ್ಟು ಹೊತ್ತಾದರೂ ಕಾಣದೆ, ಕೊನೆಗೆ ಹಿಂದಿನ ಬೀಳಿನ ಪರದೆಯಾಚೆಯಿಂದ ತಲೆ ತೂರಿಸಿ ನಮ್ಮನ್ನು ನೋಡಿ ನಕ್ಕ. ಅಲ್ಲಿ ಕೂರಲು ಜಾಗ ಇದೆಯಂತೆ. ನನ್ನನ್ನೂ ಎಳೆದುಕೊಂಡು ಹೋದ. ಪರದೆಯ ಹಿಂದೆ ಕೂತು ಇಬ್ಬರೂ ಹೊರಗೆ ನೋಡಿದೆವು. ಉಳಿದವರೆಲ್ಲ ನೀರಿನಾಚೆ ಮಸುಕು ಮಸುಕಾಗಿ ಓಡಾಡುತ್ತಿದ್ದರು, ಯಾರ ದನಿಯೂ ಕೇಳುತ್ತಿರಲಿಲ್ಲ. ನನಗೆ ಯಾಕೋ ದಿಗಿಲಾಯಿತು. ಹೋಗೋಣ ಎಂದೆ.

ಹೊತ್ತು ನೆತ್ತಿಗೆ ಬರುತ್ತಿದ್ದಂತೆ ಒಬ್ಬೊಬ್ಬರೇ ಇಳಿಯತೊಡಗಿದರು. ಇಳಿದವರು ಕಲ್ಲು ಎಸೆದು, ಹಸಿವು ತಾಳದೆ ಇಬ್ಬಿಬ್ಬರು ಮೂವರಾಗಿ ಊರಿನ ದಾರಿ ಹಿಡಿದರು. ಮೇಲೆ ನಾನು, ನರಸ ಇಬ್ಬರೇ ಉಳಿದೆವು. ಅವನು ಬಂಡೆಯ ಮೇಲೆ ಅಂಗಾತ ಬಿಸಿಲು ಕಾಯಿಸುತ್ತಿದ್ದ.

"ನೀನು ಓಗ್ಲಾ. ನಾನು ಇನ್ನೊಂದ್ ಗಳಿಗೆ ಬಿಟ್ಟು ಆ ಕಡೆ ದಡದಿಂದ ಸುತ್ತಿ ಬತ್ತೀನಿ. ಅಲ್ಲಿ ಬಿದಿರುಮೆಳೆ ಕಾಣ್ತದಲ್ಲ, ದಾರಿ ಇರ್ತದೆ."

"ಮುದ್ದಯ್ಯ ಕಾಯ್ತಾನಲ್ಲೋ."

"ಅದ್ಕೇ ನನ್ನ ಕಲ್ಲನೂ ಎತ್ತಾಕ್ಬುಡು. ಇಲ್ದಿದ್ರೆ ಪಾಪ ಉಣ್ಣದೇ ಕುಂತಿರ್ತಾನೆ." ಕಣ್ಣು ಮುಚ್ಚಿಕೊಂಡೇ ನಕ್ಕ. "ಹಾಜರಿ ಹಾಕೋದು ನಿಂಗೇನು ಹೊಸ್ದಾ?"

ಹೊಸದಲ್ಲ. ಅದೇ ಆದದ್ದು. ಇಳಿದು ಬಂದೆ. ಮುದ್ದಯ್ಯ ಹಗ್ಗದ ಬಿಗಿ ನೋಡಿಕೊಳ್ಳುತ್ತ ನನಗೆ ಅರ್ಧ ಬೆನ್ನಾಗಿ ನಿಂತಿದ್ದ. ಬಂಡೆಯ ಮೇಲೆ ಒಂದು ಕಪ್ಪು, ಒಂದು ಬಿಳುಪು. ಯೋಚನೆಯನ್ನೇ ಮಾಡಲಿಲ್ಲ. ಎರಡನ್ನೂ ಒಟ್ಟಿಗೆ ಎತ್ತಿಕೊಂಡು, ಕಪ್ಪನ್ನು ಹಳ್ಳಕ್ಕೆ ಎಸೆದೆ. ಬಿಳಿಯದನ್ನು ಜೇಬಿಗೆ ಹಾಕಿಕೊಂಡೆ, ಊಟದ ಹೊತ್ತಿಗೆ ಅವನ ಎಲೆಗೆ ಹಾಕಿ 'ತಗೋ ನಿನ್ನ ಹಾಜರಿ' ಅನ್ನೋಣವೆಂದು.

ಮುದ್ದಯ್ಯ ಬಂಡೆಯತ್ತ ತಿರುಗಿದ. ಒಂದು ಸಲ ನೋಡಿದ, ಹತ್ತಿರ ಬಂದು ಇನ್ನೊಂದು ಸಲ ನೋಡಿದ.

"ಎಲ್ಲಾ ಬಂದ್ರಾ ಮೇಷ್ಟ್ರೇ?"

"ಹೂಂ" ಅಂದೆ.

ಅವನು ಹಗ್ಗ ಎಳೆದ. ಒದ್ದೆ ಹಗ್ಗ ಬಂಡೆಗೆ ಬಡಿದುಕೊಂಡು ಕೆಳಗೆ ಬಂದು ರಾಶಿಯಾಗಿ ಬಿತ್ತು. ಆ ಸದ್ದು, ಆ ಕತ್ತಾಳೆ ವಾಸನೆ. ಒರಗಿದ್ದ ಡ್ರಿಲ್ ಮೇಷ್ಟ್ರು ಎದ್ದು ಟವೆಲ್ ಕೊಡವಿಕೊಂಡರು. ಮೂವರೂ ಊರಿಗೆ ನಡೆದೆವು. ದಾರಿಯಲ್ಲಿ ಮುದ್ದಯ್ಯ ನನಗೆ ಹೆಜ್ಜೇನಿನ ಹುಟ್ಟು ಕೊಯ್ಯುವ ವಿಷಯ ಹೇಳುತ್ತಿದ್ದ. ಸಿಗರೇಟು ಸೇದುವವರು ಬಂದರೆ ಹುಳಕ್ಕೆ ಮೊದಲೇ ಗೊತ್ತಾಗುತ್ತದಂತೆ.

ಊಟಕ್ಕೆ ನರಸ ಬರಲಿಲ್ಲ. ಯಾರೋ ಕೇಳಿದರು. ಊರೊಳಗೆ ಯಾರ ಮನೆಯಲ್ಲೋ ಉಣ್ಣುತ್ತಿರುತ್ತಾನೆ ಎಂದು ನಾನೇ ಹೇಳಿದೆ. ಎಲ್ಲರೂ ಒಪ್ಪಿದರು, ಅದು ಅವನ ದಿನನಿತ್ಯದ ರೂಢಿ. ನಾನು ಒಪ್ಪಿರಲಿಲ್ಲ. ಹುಲ್ಲಿನ ಮೇಲೆ ಮಲಗಿ ಬಾಗಿಲು ನೋಡುತ್ತಿದ್ದೆ. ಎದ್ದು ಹೋಗಿ ಯಾರಿಗಾದರೂ ಒಂದು ಮಾತು ಹೇಳಬಹುದಿತ್ತು. ಹೇಳಿದರೆ ಎರಡು ಕಲ್ಲಿನ ವಿಷಯ ಹೊರಗೆ ಬರುತ್ತದೆ, ಅದರ ಹಿಂದೆಯೇ ಇಡೀ ವರ್ಷದ ಕಳ್ಳ ಹಾಜರಿಯೂ ಬರುತ್ತದೆ, ತರಬೇತಿಯಿಂದ ಕಿತ್ತುಹಾಕುತ್ತಾರೆ. ಇನ್ನೇನು ಬಂದೇ ಬರುತ್ತಾನೆ. ಹೀಗೆ ನಾಲ್ಕು ಗಂಟೆಯಾಯಿತು.

ನಾಲ್ಕಕ್ಕೆ ಶಾಲೆಯ ಮುಂದೆ ಸಾಲು ನಿಂತೆವು. ಮಂಜಿಲ್ಲ, ಒಳ್ಳೆಯ ಬಿಸಿಲು. ಮೇಷ್ಟ್ರು ಹೆಸರು ಕೂಗುತ್ತ ಬಂದರು.

"ನರಸಿಂಹೇಗೌಡ."

ನನ್ನ ಬಾಯಿ ತಾನಾಗಿ ತೆರೆಯಿತು. ಗಂಟಲು ದಪ್ಪವಾಯಿತು. ದನಿ ಬರಲಿಲ್ಲ.

"ನರಸಿಂಹೇಗೌಡ!"

ಅವನ ಹೆಸರಿಗೆ ಯಾರೂ ಓಗೊಡದೆ ಹೋದದ್ದು ಆ ವರ್ಷದಲ್ಲಿ ಅದೇ ಮೊದಲು. ಸಾಲಿನಲ್ಲಿದ್ದವರೆಲ್ಲ ನಿಧಾನವಾಗಿ ತಿರುಗಿ ನನ್ನ ಮುಖ ನೋಡಿದರು.

ಅವನು ಸಿಕ್ಕಿದ್ದು ನೀರಿನಲ್ಲಲ್ಲ. ನೀರು ಅವನಿಗೆ ಏನೂ ಮಾಡುತ್ತಿರಲಿಲ್ಲ. ಹಗ್ಗ ಇಳಿಬಿದ್ದಿದ್ದ ಜಾಗದಲ್ಲೇ, ಬಂಡೆಯ ಬುಡದಲ್ಲಿ ಬಿದ್ದಿದ್ದ. ಬಿದಿರುಮೆಳೆಯ ಕಡೆ ದಾರಿಯೇ ಇರಲಿಲ್ಲ, ಅಲ್ಲಿಯೂ ಕಡಿದಾದ ಬಂಡೆ. ತಿರುಗಿ ಬಂದಿದ್ದಾನೆ, ಹಗ್ಗ ಇಲ್ಲ, ಕೂಗಿದ್ದಾನೆ. ಕೂಗಿಯೇ ಇರುತ್ತಾನೆ. ಯಾರ ಹೆಸರು ಕೂಗಿದ ಎಂದು ಯೋಚಿಸದೆ ಮಲಗಿದ ರಾತ್ರಿ ನನಗೆ ನೆನಪಿಲ್ಲ. ಆಮೇಲೆ ಬರಿಗೈಯಲ್ಲಿ ಇಳಿಯಲು ನೋಡಿದ್ದಾನೆ.

ಮುದ್ದಯ್ಯ ಅವನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು, ಒಂದು ಸಲ ಅವನನ್ನು, ಒಂದು ಸಲ ಹಾಸುಬಂಡೆಯನ್ನು ನೋಡುತ್ತಿದ್ದ. "ಕಲ್ಲಿರ್ನಿಲ್ಲ. ಒಂದೂ ಇರ್ನಿಲ್ಲ" ಎನ್ನುತ್ತಿದ್ದ. ಯಾರಿಗೆ ಹೇಳುತ್ತಿದ್ದನೋ ತಿಳಿಯದು.

ಮರುದಿನ ದಫೇದಾರರು ಬಂದು ಪಟೇಲರ ಜಗಲಿಯ ಮೇಲೆ ಕೂತು ಎಲ್ಲರನ್ನೂ ವಿಚಾರಿಸಿದರು. ನಾವೆಲ್ಲ ಅಂಗಳದಲ್ಲಿ ನಿಂತಿದ್ದೆವು. ಮೇಲಿನಿಂದ ಕೊನೆಗೆ ಬಂದವರು ಯಾರು ಎಂದಾಗ ನಾನು ಕೈ ಎತ್ತಿದೆ. ಆಗ ನರಸ ಎಲ್ಲಿದ್ದ ಎಂದರು. ನೋಡಲಿಲ್ಲ ಎಂದೆ. ಆಮೇಲೆ ಮುದ್ದಯ್ಯನನ್ನು ಕೇಳಿದರು.

"ಎಣಿಸೋಕೆ ಬರುತ್ತೇನಯ್ಯ ನಿನಗೆ?"

"ಇಪ್ಪತ್ತರ ಗಂಟ ಬತ್ತದೆ ಸ್ವಾಮಿ."

"ಇವರು ಇಪ್ಪತ್ತಮೂರು ಜನ!"

ಅಂಗಳದಲ್ಲಿ ಯಾರೋ ನಕ್ಕರು. ಹೆಣ ಇನ್ನೂ ಶಾಲೆಯ ಕೋಣೆಯಲ್ಲಿತ್ತು, ಆದರೂ ನಕ್ಕರು. ಎಣಿಸುವುದೇ ಬೇಕಿಲ್ಲ ಸ್ವಾಮಿ, ಕಲ್ಲು ಇದೆಯೋ ಇಲ್ಲವೋ ನೋಡಿದರಾಯಿತು ಎಂದು ಮುದ್ದಯ್ಯ ಹೇಳಲು ಹೊರಟ. ಅವನ ಮಾತು ಯಾರಿಗೂ ಬೇಕಿರಲಿಲ್ಲ. ಆಕಸ್ಮಿಕ ಎಂದು ಬರೆದುಕೊಂಡು ಹೋದರು. ಊರವರು ಹಾಗೆ ಬರೆದುಕೊಳ್ಳಲಿಲ್ಲ. ಎಣಿಕೆ ತಪ್ಪಿದವನ ಹಗ್ಗಕ್ಕೆ ಯಾರು ಜೋತುಬೀಳುತ್ತಾರೆ? ಆ ವರ್ಷದ ಜೇನಿಗೆ ಒಬ್ಬನೂ ಅವನ ಜೊತೆ ಹೋಗಲಿಲ್ಲ ಎಂದು ಆಮೇಲೆ ತಿಳಿಯಿತು. ಮುಂದಿನ ವರ್ಷವೂ ಹೋಗಲಿಲ್ಲ. ಬಿಳಿ ಕಲ್ಲು ನನ್ನ ಜೇಬಿನಲ್ಲಿತ್ತು.

ನರಸನ ಟ್ರಂಕನ್ನು ಹೊಳೆನರಸೀಪುರಕ್ಕೆ ತಲುಪಿಸಲು ನನ್ನನ್ನೇ ಕಳಿಸಿದರು. ಅವನ ತಾಯಿ ಟ್ರಂಕಿನ ಮೇಲೆ ಕೈಯಿಟ್ಟುಕೊಂಡು ಕೂತರು.

"ನೀನೂ ಜೊತೇಲಿ ಇದ್ದೆಯೇನಪ್ಪ?"

"ಇದ್ದೆ ಅಮ್ಮ."

"ಸದ್ಯ. ಒಬ್ಬನೇ ಇರಲಿಲ್ಲವಲ್ಲ" ಎಂದರು.

ನನಗೆ ಬೈದಿದ್ದರೆ, ಹೊಡೆದಿದ್ದರೆ ಬದುಕುತ್ತಿದ್ದೆ. ಅವರು ಸಾಯುವವರೆಗೆ ಆ ಮನೆಗೆ ವರ್ಷಕ್ಕೊಮ್ಮೆ ಹೋಗಿ ಬಂದೆ. ಪ್ರತಿ ಸ‌ಲವೂ ಎಲೆ ಹಾಕಿ ಬಡಿಸಿದರು.

ಅರವತ್ತರ ದಶಕ ಮುಗಿಯುತ್ತ ಬಂದಾಗ ಪರೀಕ್ಷೆಯ ಮೇಲ್ವಿಚಾರಣೆಗೆಂದು ನನ್ನನ್ನು ಅರಕಲಗೂಡಿಗೆ ಹಾಕಿದರು. ಹತ್ತು ವರ್ಷದಿಂದ ನಾನು ಆ ದಿಕ್ಕಿಗೆ ತಲೆಯಿಟ್ಟೂ ಮಲಗಿರಲಿಲ್ಲ. ಬುಧವಾರ ಮಧ್ಯಾಹ್ನ ಪರೀಕ್ಷೆ ಇರಲಿಲ್ಲ. ಕಾಲು ತಾನಾಗಿ ಬಸ್ಸು ಹತ್ತಿತು. ಕಟ್ಟೆಯ ಹತ್ತಿರ ಅದೇ ವಾಸನೆ. ಮುದ್ದಯ್ಯ ನೀರಿನಂಚಿನಲ್ಲಿ ಕೂತು ಕತ್ತಾಳೆ ಜಜ್ಜುತ್ತಿದ್ದ. ಕೂದಲು ಪೂರ ಬೆಳ್ಳಗಾಗಿತ್ತು. ದನ ಕಟ್ಟುವ ಹಗ್ಗ, ಬಾವಿಯ ಹಗ್ಗ ಮಾತ್ರ ಮಾಡುತ್ತೇನೆ ಎಂದ. ನನ್ನ ಗುರುತು ಹಿಡಿಯಲು ಅವನಿಗೆ ಕ್ಷಣವೂ ಬೇಕಾಗಲಿಲ್ಲ.

"ಕಡೇಗೆ ಇಳಿದೋರು ನೀವಲ್ವರಾ?"

ನಾನು ಪಕ್ಕದಲ್ಲಿ ಕೂತೆ. ಅವನು ಜಜ್ಜುವುದನ್ನು ನಿಲ್ಲಿಸದೆ ಮಾತಾಡಿದ.

"ಕಲ್ಲು ಇರ್ನಿಲ್ಲ ಅಂತ ಅವತ್ತು ಅಷ್ಟು ಗಟ್ಟಿಯಾಗಿ ಏಳ್ದೆ ನೋಡಿ ಸಾ. ಆಮ್ಯಾಕೆ ನಂಗೇ ಅನುಮಾನ ಬಂದ್ಬುಡ್ತು. ಮಗ್ಗುಲಿಗೆ ಉಳ್ಳೋಗಿತ್ತೇನೋ, ಗರಿಕೆ ಸಂದೀಲಿ ಬಿದ್ದಿತ್ತೇನೋ, ನನ್ನ ಕಣ್ಣು ತಪ್ತೇನೋ ಅಂತ. ಎಷ್ಟು ಸಲ ಓಗಿ ಆ ಬಂಡೆ ಸುತ್ತ ತಡಕಾಡಿವ್ನಿ ಗೊತ್ತಾ? ಒಂದು ಬಿಳೀ ಕಲ್ಲಿತ್ತು, ಅವರು ಮಡಗಿದ್ದು. ಚೆನ್ನಾಗಿ ಗೆಪ್ತಿ ಐತೆ. ಸಿಗ್ಲೇ ಇಲ್ಲ."

ಆಗ ಹೇಳಿಬಿಟ್ಟೆ. ಹೇಗೆ ಹೇಳಿದೆನೋ ಗೊತ್ತಿಲ್ಲ. ಆ ಕಲ್ಲು ನಮ್ಮ ಮನೆಯ ಬೀರುವಿನಲ್ಲಿ, ಪೆನ್ನಿನ ಡಬ್ಬಿಯಲ್ಲಿದೆ ಎಂದೆ. ಅವನ ಕೈ ನಿಂತಿತು. ಹೊಡೆಯುತ್ತಾನೆ ಎಂದುಕೊಂಡೆ, ಹೊಡೆಯಲೆಂದು ಆಸೆಪಟ್ಟೆ.

"ಅಂಗಾರೆ ನನ್ನ ಕಣ್ಣು ಸರಿಯಾಗೇ ಇತ್ತು" ಎಂದ ಮುದ್ದಯ್ಯ. ಅಷ್ಟೇ ಅವನಿಗೆ ಮೊದಲು ಕಂಡದ್ದು. ಕಣ್ಣಲ್ಲಿ ನೀರು ಬಂತು. ಅದನ್ನು ಒರೆಸಿಕೊಂಡು, "ಇದನ್ನ ನಮ್ಮೂರೋರ ಮುಂದೆ ಏಳ್ತೀರಾ ಸಾ?" ಎಂದು ಕೇಳಿದ. "ನಂಗೆ ಬ್ಯಾರೆ ಏನೂ ಬ್ಯಾಡ. ಭಾನುವಾರ ಎಲ್ಲಾರ್ನೂ ಬಂಡೆತಾವ ಕರ್ಕಂಡು ಬಂದಿರ್ತೀನಿ. ಆ ಕಲ್ಲ ತಂದು ನೀವೇ ಮಡಗಿ, ನಿಮ್ಮ ಬಾಯಲ್ಲೇ ಏಳಿ."

ಬರುತ್ತೇನೆ ಎಂದೆ. ಶನಿವಾರ ಪರೀಕ್ಷೆ ಮುಗಿಯಿತು, ಊರಿಗೆ ಹೋಗಿ ಕಲ್ಲು ತೆಗೆದುಕೊಂಡೆ. ಭಾನುವಾರ ಬೆಳಿಗ್ಗೆ ಅರಕಲಗೂಡಿನ ಬಸ್ ನಿಲ್ದಾಣದಲ್ಲಿ ಕೂತಿದ್ದೆ. ಮಲ್ಲಿಪಟ್ಟಣದ ಬಸ್ಸು ಬಂತು, ನಿಂತಿತು, ಹೋಯಿತು. ಹೊಳೆನರಸೀಪುರಕ್ಕೆ ಸುದ್ದಿ ಮುಟ್ಟಿದರೆ ಆ ತಾಯಿ ಏನೆಂದುಕೊಳ್ಳುತ್ತಾರೆ ಎಂದು ಯೋಚಿಸಿದೆ. ಇದು ನಾನು ನನಗೆ ಹೇಳಿಕೊಂಡ ಕಾರಣ. ನಿಜವಾದ ಕಾರಣ, ಆ ಜೂನಿಗೆ ನಾನು ಹೆಡ್ ಮಾಸ್ಟರ್ ಆಗುವವನಿದ್ದೆ. ಹಾಸನದ ಬಸ್ಸು ಹತ್ತಿದೆ.

ಆಮೇಲೆ ಇಷ್ಟು ವರ್ಷ. ದಿನಕ್ಕೆರಡು ಸಲ ಹೆಸರು ಕೂಗುವಾಗ ನಕಾರದ ಹೆಸರು ಹತ್ತಿರ ಬಂದರೆ ನಾಲಗೆ ತಡೆಯುತ್ತಿತ್ತು. ಯಾವ ಮಗು 'ಹಾಜರ್ ಸಾ' ಅಂದರೂ ಅದರ ಹಿಂದೆ ಇನ್ನೊಂದು ದಪ್ಪ ದನಿ ಕೇಳುತ್ತಿತ್ತು. ಅದು ನರಸನದೋ, ನಾನು ಕದ್ದದ್ದೋ, ಕೊನೆಗೆ ಬೇರ್ಪಡಿಸಲಾಗಲಿಲ್ಲ.

ಅತ್ತಿಮರದ ಬೇರಿನ ಮೇಲೆ ಇದೆಲ್ಲ ನೆನೆಯುತ್ತ ಕೂತಿದ್ದಾಗ ಮೊಮ್ಮಗಳ ಗುಂಪು ಇಳಿದು ಬರತೊಡಗಿತು. ಒಬ್ಬೊಬ್ಬರೂ ಕಲ್ಲು ತೆಗೆದು, ನಾಚಿಕೊಂಡು, ತಮ್ಮ ಹೆಸರು ಕೂಗಿ ಹಳ್ಳಕ್ಕೆ ಎಸೆದರು. ಭಾರತಿಯದು ಕೊನೆಯದು. ಎಲ್ಲರೂ ಟೋಪಿ ಬಿಚ್ಚಿದರು. ಸುಧಾಮಣಿ ಮಾತ್ರ ಹಗ್ಗ ಬಿಡಲಿಲ್ಲ.

"ಇನ್ನೊಬ್ರು ಮೇಲವ್ರೆ" ಎಂದಳು.

"ಇಲ್ಲ ಅಕ್ಕ, ಒಂಬತ್ತು ಜನಾನೂ ಇದ್ದೀವಿ" ಎಂದಳು ಭಾರತಿ.

"ಕಲ್ಲು ಐತಲ್ಲ."

ಹಾಸುಬಂಡೆಯ ಮೇಲೆ ನಿಂಬೆಹಣ್ಣಿನಷ್ಟು ದೊಡ್ಡ ಬಿಳಿ ಬೆಣಚುಕಲ್ಲು ಕೂತಿತ್ತು. ಅವರೆಲ್ಲ ಹತ್ತುತ್ತಿದ್ದಾಗ ಜುಬ್ಬದ ಜೇಬಿನಿಂದ ತೆಗೆದು ನಾನೇ ಇಟ್ಟಿದ್ದೆ. ಎದ್ದು ನಿಂತೆ.

"ನಾನಿಟ್ಟದ್ದಮ್ಮ. ಕಲ್ಲು ನನ್ನದಲ್ಲ."

"ಯಾರ್ದು?"

"ನರಸಿಂಹೇಗೌಡ ಅಂತ. ಹೊಳೆನರಸೀಪುರದವನು." ಗಂಟಲು ದಪ್ಪವಾಗಲಿಲ್ಲ, ನನ್ನ ದನಿಯಲ್ಲೇ ಬಂತು. "ಹಾಜರಿಲ್ಲ."

ಸುಧಾಮಣಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಅವಳ ಅಂಗೈ ನನಗೆ ಆಗ ಕಾಣಿಸಿತು, ಹಲಗೆಯಂಥ ಅಂಗೈ.

"ಎಲ್ಡು ಕಲ್ಲಿನ ಮೇಷ್ಟ್ರು ನೀವಾ?"

"ಹೌದು."

"ನಮ್ಮ ತಾತ ಆ ಭಾನುವಾರ ಊರೋರ್ನೆಲ್ಲಾ ಕರ್ಕಂಡು ಬಂದು ಇಲ್ಲೇ ಕೂರಿಸಿದ್ರಂತೆ. ಹೊತ್ತು ಮುಳುಗೋಗಂಟ ಕಾದ್ರಂತೆ. ಎಣಿಕೆ ಅಲ್ಲ, ಮುದ್ದಯ್ಯಂಗೆ ತಲೇನೇ ತಪ್ಪೈತೆ ಅಂದ್ಕಂಡು ಎಲ್ಲಾರೂ ಎದ್ದೋದ್ರಂತೆ." ಅವಳ ದನಿ ಏರಲಿಲ್ಲ. "ಎಸರು ಕೂಗೋದು ತಾತ ಆವತ್ತು ಮಾಡಿದ ನೇಮ. ಕೂಗಿಸೋಕೆ ಅವ್ರ ಜೊತೆ ಒಬ್ರೂ ಬರ್ನಿಲ್ಲ. ನನಗೆ ಹೇಳಿಕೊಟ್ರು."

ಭಾರತಿ ನನ್ನ ಮುಖವನ್ನೇ ನೋಡುತ್ತಿದ್ದಳು.

"ಆಗಿನ ಕಾಲದವರು ಯಾರಾದರೂ ಊರಲ್ಲಿದ್ದಾರೇನಮ್ಮ?" ಎಂದೆ.

"ಮೂರು ನಾಕು ಜನ ಅವ್ರೆ."

"ಕರೆದುಕೊಂಡು ಹೋಗು."

ಸುಧಾಮಣಿ ಹಗ್ಗವನ್ನು ಇಳಿಸಲಿಲ್ಲ. ತುದಿಯನ್ನು ಅತ್ತಿಮರಕ್ಕೆ ಬಿಗಿದು ಕಟ್ಟಿ, ಕಲ್ಲನ್ನು ಬಂಡೆಯ ಮೇಲೆಯೇ ಬಿಟ್ಟು, ನನ್ನ ತೋಳು ಹಿಡಿದುಕೊಂಡು ನಡೆಸಿದಳು. ನಾವು ಶ್ರಮದಾನದಲ್ಲಿ ಮಾಡಿದ ದಾರಿಗೆ ಈಗ ಟಾರು ಬಿದ್ದಿದೆ.

ಅರಳಿಕಟ್ಟೆಯ ಮೇಲೆ ಆರೇಳು ಜನ ಸೇರಿದರು. ನನಗೆ ಕೂರಲು ಜಾಗ ಮಾಡಿಕೊಟ್ಟರು. ಅವರಲ್ಲೊಬ್ಬ ಮುದುಕ, ಕಣ್ಣಿಗೆ ಪೊರೆ ಬಂದವನು, ಸುಧಾಮಣಿಯ ಕಡೆ ಕಿವಿ ತಿರುಗಿಸಿ, "ಯಾರವ್ವಾ ಬಂದೋರು?" ಎಂದು ಕೇಳಿದ.

ಅವಳು ನನ್ನ ಕಡೆ ನೋಡಿದಳು.

ನಾನು ಎದ್ದು ನಿಂತು, ಆ ಮುದುಕನ ಮುಖ ನೋಡಿ, ನನ್ನ ಬಾಯಲ್ಲೇ ನನ್ನ ಹೆಸರು ಹೇಳಿದೆ.